ತಿರುವಿನಲ್ಲಿ ಹತ್ತುವ ದೀಪ

ಅಕ್ಕನನ್ನು ಮಣ್ಣಿಗೆ ಕೊಟ್ಟ ದಿನ ಅವರ ಕೊರಳಿಗೆ ಹಾಕಿದ್ದ ಸೇವಂತಿಗೆ ಮಾಲೆ ದಾರಿಯುದ್ದಕ್ಕೂ ಉದುರುತ್ತಾ ಹೋಯಿತು. ಯಾರೋ ಅವಸರದಲ್ಲಿ ಕಟ್ಟಿದ್ದು. ಮನೆಯ ಬಾಗಿಲಿಂದ ಹೊಲದ ಮೂಲೆಯವರೆಗೆ ಹಳದಿ ಹೂವು ಚೆಲ್ಲಿಕೊಂಡು ಬಿದ್ದಿದ್ದವು. ಅಳುವುದನ್ನು ಬಿಟ್ಟು ನಾನು ಆ ಹೂವನ್ನೇ ನೋಡುತ್ತಿದ್ದೆ. ಅಕ್ಕ, ಹೆಣ ಕೂರಿಸಿ ಹೊರುವ ಬಿದಿರಿನ ವಿಮಾನದಲ್ಲೇ ಕಣ್ಣು ಬಿಟ್ಟು, “ಯಾರ್ಲಾ ಇದ ಕಟ್ಟಿದ್ದು, ಕಯ್ಗ ಲಕ್ವ ಒಡ್ದಿತ್ತಾ” ಎಂದು ಕೇಳಿಯೇಬಿಡುತ್ತಾರೆ ಅನಿಸಿತ್ತು.

ಅಕ್ಕ ಎಂದು ನಾನು ಕರೆಯುತ್ತಿದ್ದುದು ಪಣಕಹಳ್ಳಿಯಲ್ಲಿ ನನ್ನ ಪಕ್ಕದ ಮನೆಯವರನ್ನು. ನಾನು ಗೆಟ್ಟವಾಡಿಯವಳು, ಕನ್ನಡ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಟೀಚರು, ಅವರ ಪಕ್ಕದ ಮನೆಗೆ ಬಾಡಿಗೆಗೆ ಬಂದವಳು. ಬಂದ ಮೊದಲ ದಿನವೇ ಅವರು ನನ್ನ ಸಾಮಾನಿನ ಗಂಟುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ, “ಇದೇನ್ ಕಟ್ಟಿದ್ದೀಯವ್ವ, ಇಷ್ಟ್ ದೂರ ಎಂಗ್ ಬಂದೋ ಇವು” ಎಂದು ಬೇಸರಪಟ್ಟರು. ಬಿಚ್ಚಬೇಕಾದ ಗಂಟನ್ನೇ ಮತ್ತೊಮ್ಮೆ ಬಿಗಿದು ಕಟ್ಟಿ ಒಳಗಿಟ್ಟುಹೋದರು. ಅದನ್ನು ಬಿಚ್ಚಲಾಗದೆ ನಾನು ಆಮೇಲೆ ಕತ್ತರಿ ಹುಡುಕಿದೆ.

ಅವರ ಬದುಕೆಲ್ಲ ಕಟ್ಟುವುದರಲ್ಲೇ ನಡೆದಿತ್ತು. ಎರಡೆಕರೆ ಹೊಲದಲ್ಲಿ ಸೇವಂತಿಗೆ, ಚೆಂಡು ಹೂವು. ಒದ್ದೆ ಬಾಳೆನಾರನ್ನು ತೊಡೆಯ ಮೇಲೆ ಹಾಕಿಕೊಂಡು ಮಾಲೆ ಕಟ್ಟಲು ಕೂತರೆ ಕೈ ಕಾಣಿಸುತ್ತಿರಲಿಲ್ಲ. ಅವರು ಕಟ್ಟಿದ ಮಾಲೆಯನ್ನು ಹಿಡಿದು ಒದರಿದರೂ ಒಂದು ಎಸಳು ಬೀಳುತ್ತಿರಲಿಲ್ಲ. ಹಸುವಿನ ಹಗ್ಗ, ಬೇಲಿಯ ಮುಳ್ಳು, ಬಚ್ಚಲ ಕೊಳಾಯಿ, ಗಂಡನ ಮಫ್ಲರು, ಎಲ್ಲವೂ ಅವರ ಕೈಯಲ್ಲಿ ಬಿಗಿಯುತ್ತಿದ್ದವು. “ಅಲ್ಲಾಡ್ತಿದ್ರ ಆಗ್ನಿಲ್ಲ ನಂಗ” ಎನ್ನುತ್ತಿದ್ದರು. ಹಣೆಗೆ ಮೂರು ಬೆರಳ ವಿಭೂತಿ ಹಚ್ಚಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಸಂಜೆಯವರೆಗೂ ಆ ಸೆರಗು ಜಾರುತ್ತಿರಲಿಲ್ಲ.

ಅವರ ಗಂಡನನ್ನು ನಾನು ಬಾವ ಎನ್ನುತ್ತಿದ್ದೆ. ಮೆಲ್ಲನೆ ಮಾತಾಡುವ, ಹೆಂಡತಿಯನ್ನು ಕೆಣಕುವುದನ್ನೇ ಕಸುಬು ಮಾಡಿಕೊಂಡಿದ್ದ ಮನುಷ್ಯ. ಮಕ್ಕಳಿರಲಿಲ್ಲ. ಬಾವನ ಮೂತ್ರಪಿಂಡ ಎರಡೂ ಕೈಕೊಟ್ಟಾಗ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶನಿವಾರ, ಡಯಾಲಿಸಿಸ್ ಆಗಬೇಕೆಂದರು ಡಾಕ್ಟರು. ನಮ್ಮ ಮಾತು, ನಮ್ಮ ನೆಂಟಸ್ತಿಕೆ, ನಮ್ಮ ಸಂತೆ ಎಲ್ಲ ಚಾಮರಾಜನಗರದ ಕಡೆ. ಆದರೆ ನಮ್ಮೂರು ಗಡಿಯಾಚೆ ತಮಿಳುನಾಡಿಗೆ ಸೇರಿದ್ದು, ಬಾವನ ಆಸ್ಪತ್ರೆ ಕಾರ್ಡೂ ಅಲ್ಲಿಯದೇ. ಅದು ನಡೆಯುವುದು ದಿಂಬಂ ಘಾಟಿ ಇಳಿದು ಸತ್ಯಮಂಗಲದ ಕಡೆ ಹೋದರೆ ಮಾತ್ರ. ಹೋಗುವಾಗ ಬಸ್ಸಿನಲ್ಲಿ ಹೇಗೋ ಹೋಗಬಹುದು. ಬರುವಾಗ ಅವರಿಗೆ ಕೂರಲೂ ಆಗುತ್ತಿರಲಿಲ್ಲ. ತಿರುವು ತಿರುವಿಗೂ ವಾಂತಿ, ತಲೆಸುತ್ತು. ಒಂದು ಸಲ ಅಕ್ಕ ಅವರನ್ನು ದಾರಿಯ ಹಾಸನೂರಿನಲ್ಲಿ ಬಸ್ಸಿನಿಂದ ಇಳಿಸಿ ಮರದ ಕೆಳಗೆ ಮಲಗಿಸಿಕೊಂಡು ಕೂತಿದ್ದರಂತೆ. ಅದಾದ ವಾರವೇ ಅಕ್ಕ ಯಾರನ್ನೂ ಕೇಳದೆ ಒಂದು ಹಳೆಯ ಸಣ್ಣ ಕಾರು ಕೊಂಡರು. ಆಮೇಲೆ ಓಡಿಸಲು ಕಲಿತರು. ತಲೆ ಅರ್ಧ ನರೆತ ಹೆಂಗಸು ಕಾರು ಕಲಿಯುತ್ತಿದ್ದಾಳೆಂದು ಊರಿನ ಗಂಡಸರು ಜಗುಲಿಯಲ್ಲಿ ಕೂತು ನಕ್ಕರು. ಅಕ್ಕ ಅವರ ಮುಂದೆಯೇ ಗೇರು ಕಿರುಗುಟ್ಟಿಸುತ್ತಾ ಹೋಗಿ ಬರುತ್ತಿದ್ದರು.

ಕಾರಿನ ಕತೆ ಶುರುವಾದದ್ದು ಗುಮಟಾಪುರದ ಸಗಣಿ ಹಬ್ಬದಿಂದ. ದೀಪಾವಳಿ ಕಳೆದ ಮೇಲೆ ಬೀರೇಶ್ವರನ ಗುಡಿಯ ಮುಂದೆ ಗಂಡಸರೆಲ್ಲ ಸಗಣಿ ಗುಡ್ಡೆಯಲ್ಲಿ ಬಿದ್ದು ಎರಚಾಡುತ್ತಾರಲ್ಲ, ಬಾವನಿಗೆ ಅದನ್ನು ನೋಡುವ ಆಸೆ. ಕರೆದುಕೊಂಡು ಹೋದರು. ಎಲ್ಲಿ ನಿಲ್ಲಿಸಿದ್ದರೋ, ಕಾರಿಗೂ ಹಬ್ಬವಾಯಿತು. ಸಗಣಿ ಒಳ್ಳೆಯದೇ ಎಂದು ಒಂದಷ್ಟು ದಿನ ತೊಳೆಯದೆ ಬಿಟ್ಟರು. ಒಣಗಿ ಗಾಲಿಯ ಹಿಂದೆ ಇಟ್ಟಿಗೆಯ ಹಾಗೆ ಗಟ್ಟಿಯಾದ ಮೇಲೆ ಕುಡುಗೋಲಿನ ತುದಿಯಿಂದ ಎಬ್ಬಿಸಿದರು. ಆಗ ಎಡಗಡೆ ಮುಂದಿನ ಗಾಲಿಯ ಹಿಂದಿದ್ದ ಒಂದು ಪ್ಲಾಸ್ಟಿಕ್ ಕ್ಲಿಪ್ಪು ಮುರಿದು ಕೈಗೆ ಬಂತು. ಅದು ಹಿಡಿದುಕೊಂಡಿದ್ದ ಸಣ್ಣ ಕರಿ ವೈರು ಜೋತುಬಿತ್ತು. ಅಕ್ಕ ಜೋತುಬಿದ್ದದ್ದನ್ನು ಸಹಿಸುವವರೇ? ಹೂವಿನ ಮೂಟೆ ಕಟ್ಟುವ ನೈಲಾನ್ ದಾರ ತಂದು ಅಲ್ಲೇ ಇದ್ದ ಕಬ್ಬಿಣದ ಕಂಬಿಗೆ ವೈರನ್ನು ಎಳೆದು, ಸುತ್ತಿ, ಬಿಗಿದುಬಿಟ್ಟರು.

ಸ್ವಲ್ಪ ದಿನಕ್ಕೆ ಘಾಟಿಯಲ್ಲಿ ಎಬಿಎಸ್ ಎಂದು ಬರೆದ ಹಳದಿ ದೀಪ ಹತ್ತಿತು. ಕೆಳಗೆ ಹೋಗಿ ಗಾಡಿ ಆರಿಸಿ ಮತ್ತೆ ಚಾಲೂ ಮಾಡಿದರೆ ಇಲ್ಲ. ಮುಂದಿನ ಸಲ ಮತ್ತೆ ಬಂತು. ಸತ್ಯಮಂಗಲದ ಒಬ್ಬ ಮೆಕ್ಯಾನಿಕ್ ತನ್ನ ಯಂತ್ರ ಸಿಕ್ಕಿಸಿ ನೋಡಿ, ಎಡಗಡೆ ಮುಂದಿನ ಗಾಲಿಯ ಸೆನ್ಸರ್ ಹೋಗಿದೆ ಎಂದ. ಗಾಲಿ ಎಷ್ಟು ಬೇಗ ಸುತ್ತುತ್ತಿದೆ ಎಂದು ಹೇಳುವ ಸಣ್ಣ ಸಾಮಾನು ಅದು. ಅದು ಬಾಯಿ ಮುಚ್ಚಿದರೆ, ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಂಡು ಜಾರದ ಹಾಗೆ ನೋಡಿಕೊಳ್ಳುವ ಏರ್ಪಾಡೂ ಸುಮ್ಮನಾಗುತ್ತದೆ. ಆತ ವೈರಿನ ಸಮೇತ ಹೊಸ ಸೆನ್ಸರ್ ಹಾಕಿದ. ದೀಪ ಹೋಯಿತು.

ಮನೆಗೆ ಬಂದು ಅಕ್ಕ ಗಾಲಿಯ ಹಿಂದೆ ಬಗ್ಗಿ ನೋಡಿದರು. ಹೊಸ ವೈರು ಸಡಿಲವಾಗಿ ಬಾಗಿ ನೇತಾಡುತ್ತಿತ್ತು. “ನೋಡವ್ವ ಅವನ್ ಕೆಲ್ಸವ. ಎಮ್ಮ ಬಾಲ ಬುಟ್ಟಂಗ್ ಬುಟ್ಟವ್ನ” ಎಂದು ಗೊಣಗಿ, ಮತ್ತೆ ನೈಲಾನ್ ದಾರ ತಂದರು.

ಮುಂದಾದದ್ದನ್ನು ಊಹಿಸಬಹುದು. ನಾವು ಯಾರೂ ಊಹಿಸಲಿಲ್ಲ. ದೀಪ ತಿರುಗಿ ಬಂದಾಗ ಅಕ್ಕನಿಗೆ ಅನುಮಾನವೇ ಇರಲಿಲ್ಲ, ಮೆಕ್ಯಾನಿಕ್ ನಕಲಿ ಸಾಮಾನು ಹಾಕಿದ್ದಾನೆ. ಸೀದಾ ಅವನ ಶೆಡ್ಡಿಗೆ ಹೋಗಿ ನಾಲ್ಕು ಜನರ ಮುಂದೆ ತಮಿಳಿನಲ್ಲಿ ಬೈದರು. ಆತ ಪಾಪ, ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ಏನೂ ಇಲ್ಲವಲ್ಲ ಅಮ್ಮ, ಗಾಡಿ ಬಿಟ್ಟುಹೋಗಿ, ಬಿಚ್ಚಿ ನೋಡುತ್ತೇನೆ ಎಂದ. ಬಿಟ್ಟುಹೋದರೆ ಬಾವನನ್ನು ಮನೆಗೆ ತರುವುದು ಯಾರು. ಅಕ್ಕ ಇನ್ನೊಂದಿಷ್ಟು ಬೈದು ಗಾಡಿ ತಿರುಗಿಸಿಕೊಂಡು ಬಂದರು.

ಹಿಂದಿನ ಸೀಟಿನಲ್ಲಿ ಮಲಗಿರುತ್ತಿದ್ದ ಬಾವನಿಗೆ ನೋಡಲು ಬೇರೇನೂ ಇರಲಿಲ್ಲ, ಆ ದೀಪವನ್ನೇ ನೋಡುತ್ತಿದ್ದರು. ಒಂದು ದಿನ ಹೇಳಿದರು, “ಬಲಕ್ಕ ಪೂರ್ತಿ ತಿರುಗ್ಸ್ವಾಗ್ಲೇ ಬತ್ತದ ಕಣಮ್ಮಿ ಅದು. ಎಡಕ್ಕ ತಿರುಗ್ಸ್ವಾಗ ಬರ್ನಿಲ್ಲ.”

“ನೀನ್ ಸುಮ್ನ ಮಲೀಕ. ದೀಪಕ್ಕ ಎಡ ಬಲ ಗೊತ್ತಾದ್ದಾ” ಎಂದರು ಅಕ್ಕ.

ಶನಿವಾರ ಶಾಲೆಗೆ ರಜೆಯಿದ್ದರೆ ನಾನೂ ಜೊತೆಗೆ ಹೋಗುತ್ತಿದ್ದೆ. ಘಾಟಿಯೆಂದರೆ ನನಗೆ ಮೊದಲಿನಿಂದಲೂ ಹೆದರಿಕೆ, ಕಣ್ಣು ಮುಚ್ಚಿಕೊಂಡೇ ಇಳಿಯುವವಳು. ಆ ಶನಿವಾರ ಮಳೆ ಬಿದ್ದಿತ್ತು. ತಿರುವೊಂದರಲ್ಲಿ ಲಾರಿ ನಿಂತುಬಿಟ್ಟಿತ್ತು, ಬಲಕ್ಕೆ ಹೊರಳಿದ ಮೇಲೇ ಅದು ಕಂಡದ್ದು. ದೀಪ ಹತ್ತಿತು, ಅಕ್ಕ ಬ್ರೇಕ್ ಒತ್ತಿದರು. ಗಾಲಿ ಕಚ್ಚಿಕೊಂಡು ಕಾರು ಜಾರಿತು. ಸ್ಟೇರಿಂಗು ಬಲಕ್ಕೇ ಇತ್ತು, ಕಾರು ಮಾತ್ರ ನೆಟ್ಟಗೆ ಹೋಗಿ ತಡೆಗೋಡೆಗೆ ಮೂಗು ಒರೆಸಿ ನಿಂತಿತು. ಗೋಡೆಯ ಆಚೆ ಬರೀ ಮಂಜು. ಸೀಟಿನಿಂದ ಕೆಳಗೆ ಬಿದ್ದಿದ್ದ ಬಾವನನ್ನು ಅಕ್ಕ ಎತ್ತಿ ಕೂರಿಸಿ, ಅವರ ಮಫ್ಲರು ಬಿಚ್ಚಿ ಮತ್ತೆ ಬಿಗಿದು ಕಟ್ಟಿದರು.

ಊರಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಬಾವನ ತಮ್ಮ ಬಂದು ನಿಂತ. “ಮಾರ್ಬುಡತ್ಗೆ ಆ ವಂಡಿಯ. ಅವ್ನ ಸಾಯ್ಸೀಯ, ನೀನೂ ಸತ್ತೀಯ” ಎಂದ.

“ಮಾರ್ಬುಟ್ಟು?” ಅಕ್ಕ ಕೇಳಿದರು. “ಮಂಗ್ಳಾರ ಯಾರ್ ಕರ್ಕಂಡೋಗರು, ನೀನಾ?”

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಬುದ್ಧಿ ಹೇಳಲು ಬರುವವರ ಹತ್ತಿರ ಮಂಗಳವಾರಕ್ಕೆ ಉತ್ತರ ಇರುವುದಿಲ್ಲ. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಆ ದಿನ ನಾನೂ ಅವನ ಹಾಗೆಯೇ, ಬೇಡ ಅಕ್ಕ, ಬೇರೆ ದಾರಿ ನೋಡೋಣ ಎಂದೆ. ಅಕ್ಕ ನನ್ನ ಮುಖ ನೋಡಿದರು. “ಮಂಗ್ಳಾರದೊಳ್ಗ ಅದು ಏನು ಅಂತ ಕಂಡಿಡೀತಿನಿ. ನಿನ್ ಇಸ್ಕೂಲಲ್ಲಿ ಕರೆಂಟ್ ಅಳೆಯ ಡಬ್ಬ ಅದಲ್ಲ, ತತ್ತಾ” ಎಂದರು.

ಭಾನುವಾರ ಬೆಳಿಗ್ಗೆ ಲ್ಯಾಬಿನಿಂದ ಮೀಟರು ತಂದೆ. ನನಗೆ ವೈರಿನಲ್ಲಿ ಏನು ಅಳೆಯಬೇಕೆಂದು ಗೊತ್ತು, ಕಾರಿನಲ್ಲಿ ಅದು ಎಲ್ಲಿದೆಯೆಂದು ಗೊತ್ತಿಲ್ಲ. ಅಕ್ಕನಿಗೆ ಅದು ಎಲ್ಲಿದೆಯೆಂದು ಗೊತ್ತು, ಅಳೆಯುವುದು ಗೊತ್ತಿಲ್ಲ. ಜಾಕಿ ಕೊಟ್ಟು ಗಾಲಿಯನ್ನು ನೆಲದಿಂದ ಎತ್ತಿದೆವು. ಮೊದಲು ಸೆನ್ಸರಿನ ಮೂತಿ ಒರೆಸಿದೆವು. ಅದರ ಎದುರು ಸುತ್ತುವ ಹಲ್ಲಿನ ಉಂಗುರದಲ್ಲಿ ಹಲ್ಲು ಮುರಿದಿದೆಯೇ ಎಂದು ಅಕ್ಕ ಒಂದೊಂದನ್ನೂ ಉಗುರಿನಿಂದ ಮುಟ್ಟಿ ನೋಡಿದರು. ಸರಿಯಾಗಿತ್ತು. ವೈರಿನ ಇನ್ನೊಂದು ತುದಿಯ ಪ್ಲಗ್ಗು ಬಿಚ್ಚಿ ಮೀಟರಿನ ಕಡ್ಡಿಗಳನ್ನು ಇಟ್ಟೆ. ಅಂಕಿ ಬಂತು, ಅಲುಗದೆ ನಿಂತಿತು. ಸೆನ್ಸರ್ ಚೆನ್ನಾಗಿದೆ ಅಂದೆ.

“ಚೆನ್ನಾಗಿದ್ರ ನೆನ್ನ ಗಾಡಿ ಯಾಕ್ ಜಾರ್ತು” ಎಂದರು ಅಕ್ಕ. ಎಲ್ಲವನ್ನೂ ಒರೆಸಿ ಮೊದಲಿನಿಂದ ನೋಡಿದೆವು, ಅದೇ ಅಂಕಿ. ಬಿಸಿಲೇರಿತು. ನಾನು ಮೆಕ್ಯಾನಿಕ್ ಹತ್ತಿರವೇ ಹೋಗೋಣ ಎಂದೆ. ಅಕ್ಕ ಕೇಳಿಸದವರ ಹಾಗೆ ಮೂರನೆಯ ಸಲ ಒರೆಸಲು ಬಟ್ಟೆ ಹುಡುಕುತ್ತಿದ್ದರು.

ಜಗುಲಿಯ ಕುರ್ಚಿಯಲ್ಲಿ ಕೂತಿದ್ದ ಬಾವ ಎದ್ದರು. ಗೋಡೆ ಹಿಡಿದು, ಕಾರು ಹಿಡಿದು, ಬಂದು ಡ್ರೈವರ್ ಸೀಟಿನಲ್ಲಿ ಕೂತರು. “ನಾ ಏಳಿದ್ನ ಯಾರೂ ಕೇಳ್ನಿಲ್ಲ. ಬಲಕ್ಕ ತಿರುಗ್ಸ್ತಿನಿ, ಈಗ್ ನೋಡ್ರವ್ವ ನಿಮ್ ಡಬ್ಬವ” ಎಂದರು.

ಸ್ಟೇರಿಂಗನ್ನು ಎರಡೂ ಕೈಯಲ್ಲಿ ಮೆಲ್ಲಗೆ ತಿರುಗಿಸಿದರು. ಗಾಲಿ ಹೊರಳಿತು. ಇನ್ನೇನು ಕೊನೆ ಮುಟ್ಟಬೇಕು, ಮೀಟರಿನ ಅಂಕಿ ಮಾಯವಾಯಿತು. ನೆಟ್ಟಗೆ ಮಾಡಿದರೆ ಬಂತು. ಬಲಕ್ಕೆ ತಿರುಗಿಸಿದರೆ ಹೋಯಿತು. ಬಾವ ಮಗುವಿನ ಹಾಗೆ ಮತ್ತೆ ಮತ್ತೆ ತಿರುಗಿಸುತ್ತಾ, “ಓಯ್ತಾ? ಬಂತಾ?” ಎಂದು ಒಳಗಿಂದ ಕೇಳುತ್ತಿದ್ದರು.

ಅಕ್ಕ ವೈರಿನ ಮೇಲೆ ಬೆರಳಿಟ್ಟು ಸೆನ್ಸರಿನಿಂದ ಮೇಲಕ್ಕೆ ಸವರುತ್ತಾ ಬಂದರು. ಅರ್ಧ ದಾರಿಯಲ್ಲಿ ಬೆರಳು ನಿಂತಿತು. ಅಲ್ಲಿ ನೈಲಾನ್ ದಾರದ ಗಂಟಿತ್ತು. ಗಾಲಿ ತಿರುಗಿದಾಗ ವೈರು ಅದರೊಡನೆ ಬರಬೇಕು, ಗಂಟು ಬಿಡುತ್ತಿರಲಿಲ್ಲ. ಎಳೆದೂ ಎಳೆದೂ ಹೊರಗಿನ ರಬ್ಬರು ಹಾಗೇ ಇದ್ದು, ಒಳಗಿನ ತಾಮ್ರ ಕಡಿದುಹೋಗಿತ್ತು. ನೆಟ್ಟಗಿದ್ದಾಗ ತುದಿಗೆ ತುದಿ ತಾಗುತ್ತಿತ್ತು, ತಿರುವಿನಲ್ಲಿ ಬೇರೆಯಾಗುತ್ತಿತ್ತು.

ಅಕ್ಕ ಕುಕ್ಕರಗಾಲಲ್ಲೇ ಕೂತು ಆ ಗಂಟನ್ನು ಉಗುರಿನಿಂದ ಕೆರೆದರು. ಆಮೇಲೆ, “ನಂದೇ ಕಣ್ ಟೀಚರ್. ಇದ ಕಟ್ಟಿದ್ದು ನಾನೇಯ. ಎಲ್ಡ್ ಸಲನೂವಿ” ಎಂದರು.

ಬಾವನಿಗೆ ಇಂಥ ಅವಕಾಶ ಇನ್ನೊಂದು ಸಿಗುತ್ತಿರಲಿಲ್ಲ. ಬಾಯಿ ತೆರೆದವರು ಹೆಂಡತಿಯ ಮುಖ ನೋಡಿ ಮುಚ್ಚಿದರು. ಅಕ್ಕ ಕಣ್ಣು ಒರೆಸಿಕೊಳ್ಳಲಿಲ್ಲ, ಕತ್ತರಿ ಕೇಳಿದರು. ತಾನು ಕಟ್ಟಿದ ಗಂಟನ್ನು ಕತ್ತರಿಸಿದ್ದು ಅವರ ಜೀವಮಾನದಲ್ಲಿ ಅದೇ ಮೊದಲಿರಬೇಕು.

ನಾನು ಲ್ಯಾಬಿನ ಬೆಸುಗೆ ಕಡ್ಡಿ ತಂದು ವೈರಿನ ಕಡಿದ ಕಡೆ ಕೂಡಿಸಿದೆ, ಹೊಸದು ಹಾಕಿಸುವವರೆಗೆ ಸಾಕಾಗುವಷ್ಟು. ಗಾಲಿಯನ್ನು ಕೈಯಲ್ಲಿ ಸುತ್ತಿಸಿದರೆ ಮೀಟರಿನ ಅಂಕಿ ಏರುತ್ತಿತ್ತು, ನಿಲ್ಲಿಸಿದರೆ ಇಳಿಯುತ್ತಿತ್ತು. ಸೆನ್ಸರ್ ಮಾತಾಡುತ್ತಿತ್ತು. ಇನ್ನು ವೈರನ್ನು ಕಟ್ಟಬೇಕು, ಸಡಿಲವಾಗಿ. ಅಲ್ಲಿ ನಿಜವಾದ ಕಷ್ಟ ಶುರುವಾಯಿತು. ಅಕ್ಕ ಕಟ್ಟುತ್ತಾರೆ, ಬೆರಳು ತಾನಾಗಿ ಎಳೆಯುತ್ತದೆ, ಬಿಚ್ಚುತ್ತಾರೆ, ಮತ್ತೆ ಕಟ್ಟುತ್ತಾರೆ, ಮತ್ತೆ ಬಿಗಿ. ನಾನು ಕಟ್ಟಲಾ ಎಂದು ಕೇಳಿದ್ದಕ್ಕೆ ಸಿಟ್ಟಿನಿಂದ ನೋಡಿದರು. ಕೊನೆಗೆ ಅವರೇ ದಾರಿ ಕಂಡುಹಿಡಿದರು.

“ಲೇ, ಬಲಕ್ಕ ಪೂರ್ತಿ ತಿರುಗ್ಸಿ ಅಂಗೇ ಇಡ್ಕ. ನಾ ಸಾಕು ಅನ್ನಗಂಟ ಬುಡ್ಬ್ಯಾಡ” ಎಂದು ಗಂಡನಿಗೆ ಹೇಳಿದರು.

ಬಾವ ಹಿಡಿದುಕೊಂಡರು. ಗಾಲಿ ಪೂರ್ತಿ ಹೊರಳಿ ವೈರು ಎಷ್ಟು ಉದ್ದ ಬೇಕೋ ಅಷ್ಟನ್ನು ಎಳೆದುಕೊಂಡು ನಿಂತಿತು. ಅದರ ಮೇಲೆ ಅಕ್ಕ ತಮ್ಮ ಬಿಗಿ ಗಂಟನ್ನೇ ಹಾಕಿದರು. ಬಾವ ಸ್ಟೇರಿಂಗು ನೆಟ್ಟಗೆ ಮಾಡಿದಾಗ ವೈರು ಬಾಗಿ ಸಡಿಲವಾಗಿ ನಿಂತಿತು. ಮಾಲೆ ಕೊರಳಲ್ಲಿ ನಿಲ್ಲುವ ಹಾಗೆಯೇ ಇತ್ತು. ಬಾವನ ತೋಳು ಸೋತಿತ್ತು, ಮುಖದಲ್ಲಿ ಮಾತ್ರ ಗೆದ್ದ ಕಳೆ.

ಮಂಗಳವಾರ ಮಧ್ಯಾಹ್ನ ಪಾಠದ ನಡುವೆ ಫೋನು ಬಂತು. “ಬಣ್ಣಾರಿ ತಾವ ಇವ್ನಿ, ಘಾಟಿ ಪೂರ್ತಿ ಇಳ್ದಾಯ್ತು. ದೀಪ ಬರ್ನಿಲ್ಲ ಕಣ್ ಟೀಚರ್” ಎಂದು ಇಟ್ಟುಬಿಟ್ಟರು. ಮಕ್ಕಳು ನೋಡುತ್ತಿದ್ದಾರೆಂದು ನಾನು ಬೋರ್ಡಿನ ಕಡೆ ತಿರುಗಿಕೊಂಡೆ.

ಶನಿವಾರ ಹೊಸ ಸೆನ್ಸರ್ ಹಾಕಿಸಲು ಅದೇ ಮೆಕ್ಯಾನಿಕ್ ಶೆಡ್ಡಿಗೆ ಹೋದೆವು. ಬೇರೆ ಶೆಡ್ಡುಗಳಿದ್ದವು, ನಾನು ಹೇಳಿಯೂ ನೋಡಿದೆ. ಅಕ್ಕ ಕಾರು ಇಳಿದು, ಅಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡುವ ದನಿಯಲ್ಲಿ, “ಅಣ್ಣಾ, ಎನ್ ತಪ್ಪುದಾ. ನೀ ಹಾಕಿದ್ದು ಒಳ್ಳೆಯ ಸಾಮಾನೇ, ಕೆಡಿಸಿದ್ದು ನಾನು” ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹೇಳಿದರು. ಆತ ನಾಚಿಕೊಂಡು ಪರವಾಗಿಲ್ಲಮ್ಮ ಎಂದ. ಅಕ್ಕ ಬಿಡಲಿಲ್ಲ. ಬೈದ ದಿನ ಅಲ್ಲಿದ್ದವರಲ್ಲಿ ಒಬ್ಬ ಆಟೋದವನು ಎದುರು ಟೀ ಅಂಗಡಿಯಲ್ಲಿದ್ದ, ಅವನನ್ನೂ ಕೂಗಿ ಕರೆದು ಇನ್ನೊಮ್ಮೆ ಹೇಳಿದರು. ಜೋರಾಗಿ ಬೈದದ್ದಕ್ಕೆ ಮೆಲ್ಲಗೆ ತಪ್ಪೊಪ್ಪಿಕೊಂಡರೆ ಲೆಕ್ಕ ಸರಿಹೋಗುವುದಿಲ್ಲ ಎಂಬುದು ಅವರ ನ್ಯಾಯ. ಆಮೇಲೆ ಹೊಸ ವೈರು ಕಟ್ಟುವಾಗ ಬಾವನನ್ನೇ ಕೂರಿಸಿ ಸ್ಟೇರಿಂಗು ಹಿಡಿಸಿದರು, ಗಂಟು ತಾವೇ ಹಾಕಿದರು. ಮೆಕ್ಯಾನಿಕ್ ಕೈಕಟ್ಟಿ ನೋಡುತ್ತಾ ನಿಂತಿದ್ದ.

ಆ ಜಾರಿದ ದಿನದಿಂದ ಅಕ್ಕನಿಗೆ ಇನ್ನೊಂದು ಹಟ ಹಿಡಿಯಿತು, ನನಗೆ ಕಾರು ಕಲಿಸುವುದು. “ನಾ ಒಬ್ಳೇ ಕಲ್ತಿದ್ರ ಏನ್ ಬಂತು. ನಂಗೇನಾರ ಆದ್ರ ಇವ್ನು ಮಂಗ್ಳಾರ ಏನ್ಮಾಡನು” ಎಂದರು. ನಾನು ಅತ್ತುಬಿಟ್ಟೆ, ಜ್ವರ ಎಂದೆ, ಪರೀಕ್ಷೆ ಎಂದೆ. ಬಿಡಲಿಲ್ಲ. ಕೊನೆಗೆ ಘಾಟಿಯಲ್ಲೂ ಓಡಿಸಿದೆ. ಕಣ್ಣು ಬಿಟ್ಟುಕೊಂಡು ಇಳಿದ ಮೊದಲ ದಿನ ಆ ಕಾಡು ಎಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತಾಯಿತು.

ಹೋದ ಕಾರ್ತಿಕದಲ್ಲಿ, ಹೊಲದಲ್ಲಿ ಹೂವು ಕೊಯ್ಯುತ್ತಿದ್ದ ಅಕ್ಕ ಎದೆ ಹಿಡಿದುಕೊಂಡು ಸಾಲಿನ ನಡುವೆ ಕೂತರು. ಏಳಲಿಲ್ಲ. ಕಾಯಿಲೆಯವನು ಉಳಿದ, ಗಟ್ಟಿಮುಟ್ಟಾದವಳು ಹೋದಳು ಎಂದು ಊರು ಆಡಿಕೊಂಡಿತು. ಬಾವನ ಕಿವಿಗೂ ಅದು ಬಿದ್ದಿರಬೇಕು. ಮಣ್ಣಾದ ಮೇಲೆ ಅವರು ಆಸ್ಪತ್ರೆಗೆ ಹೋಗುವುದಿಲ್ಲ ಎಂದುಬಿಟ್ಟರು. ಒಂದು ಸರದಿ ತಪ್ಪಿತು, ಇನ್ನೊಂದು ತಪ್ಪಿತು. ಮುಖ ಊದಿತು, ಉಸಿರು ಕಟ್ಟುತ್ತಿತ್ತು. ಅವರ ತಮ್ಮ ಬಂದು ಕೈಮುಗಿದು ಬೇಡಿಕೊಂಡ. “ಅವ್ಳೇ ಇಲ್ಲ, ಇನ್ಯಾಕ್ಲಾ. ಬುಟ್ಬುಡಿ ನನ್ನ” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಮಂಗಳವಾರ ನಾನು ಶಾಲೆಗೆ ರಜೆ ಹಾಕಿ ಬೆಳಿಗ್ಗೆಯೇ ಹೋದೆ. ಬುದ್ಧಿ ಹೇಳಲು ನನಗೆ ಬರುವುದಿಲ್ಲ. ಬಾಗಿಲಲ್ಲಿ ನಿಂತು, “ಬಾವ, ಆ ದೀಪ ಮತ್ತ ಬತ್ತಾ ಅದ. ನಾ ಗಾಲಿ ತಾವ ನೋಡ್ಬೇಕು. ಸ್ಟೇರಿಂಗ್ ಇಡ್ಕಳಕ ಯಾರೂ ಇಲ್ಲ” ಎಂದೆ.

ಅವರು ಅಲುಗಲಿಲ್ಲ. ನಾನು ಕೀಲಿಯನ್ನು ಅವರ ತಲೆಯ ಹತ್ತಿರ ಇಟ್ಟು ಹೊರಗೆ ಬಂದು, ಎಡಗಡೆ ಮುಂದಿನ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಎಷ್ಟು ಹೊತ್ತಾದರೂ ಏಳಬಾರದೆಂದು ಕೂತೆ. ಮೊಣಕಾಲು ನೋಯತೊಡಗಿದಾಗ ಒಳಗೆ ಚಾಪೆ ಸರಿದ ಸದ್ದು ಕೇಳಿತು. ಗೋಡೆ ಹಿಡಿದು, ಕಾರು ಹಿಡಿದು ಅವರು ಬಂದರು. ಡ್ರೈವರ್ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು. ಚಾಲೂ ಮಾಡುವಾಗ ಯಾವಾಗಲೂ ಹತ್ತುವ ಹಳದಿ ದೀಪ ಹತ್ತಿ, ಎಂದಿನಂತೆ ಆರಿಹೋಯಿತು, ಮತ್ತೆ ಬರಲಿಲ್ಲ. ಅವರು ಅದನ್ನು ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು ಬಲಕ್ಕೆ ಪೂರ್ತಿ ತಿರುಗಿಸಿದರು.

ಗಾಲಿ ಹೊರಳಿತು. ವೈರು ತನಗೆ ಬೇಕಾದಷ್ಟು ಬಂದು ನಿಂತಿತು. ಕೆಮ್ಮಣ್ಣು ಮೆತ್ತಿಕೊಂಡ ನೈಲಾನ್ ಗಂಟು ಒಂದಿಷ್ಟೂ ಅಲುಗದೆ ಹಾಗೇ ಇತ್ತು.

“ಎಂಗದ?” ಎಂದು ಒಳಗಿಂದ ಕೇಳಿದರು.

“ಗಟ್ಟಿಯಾಗದ ಬಾವ.”

“ಇರ್ದೆ ಏನು. ಅವ್ಳು ಕಟ್ಟಿದ್ದಲ್ವ.”

ಆಮೇಲೆ ಮೆಲ್ಲಗೆ ಸ್ಟೇರಿಂಗು ನೆಟ್ಟಗೆ ಮಾಡಿ, ಇಳಿದು, ಹಿಂದಿನ ಬಾಗಿಲು ತೆಗೆದು ತಮ್ಮ ಜಾಗದಲ್ಲಿ ಮಲಗಿದರು. “ನಡಿ ಟೀಚರ್, ಆಸ್ಪತ್ರಗ ಒತ್ತಾಯ್ತದ” ಎಂದರು.